ಪಟ್ಟಿ ಎಡದಿಂದ ಬಿಚ್ಚಲಿ

ಒಂಬತ್ತರ ಬುಲೆಟಿನ್‌ಗೆ ಇನ್ನು ನಲವತ್ತು ನಿಮಿಷ. ಬೆಂಗಳೂರಿನ ಸುದ್ದಿವಾಹಿನಿಯೊಂದರ ಗ್ರಾಫಿಕ್ಸ್ ರೂಮು. ಎಸಿಯ ಚಳಿಗೆ ನಿಮ್ಮ ಟೀ ಆಗಲೇ ಆರಿಹೋಗಿದೆ. ಎದುರಿಗೆ ಆಫ್ಟರ್ ಎಫೆಕ್ಟ್ಸ್ ತೆರೆದಿದೆ: 1920x1080 ಕಾಂಪೊಸಿಷನ್, ಸೆಕೆಂಡಿಗೆ 25 ಫ್ರೇಮ್. ಪರದೆಯ ಕೆಳಗೆ ಎಡಭಾಗದಲ್ಲಿ ಕೆಂಪು ಪಟ್ಟಿ (ನ್ಯೂಸ್‌ರೂಮಿನ ಮಾತಲ್ಲಿ ‘ಆಸ್ಟನ್’), ಅದರ ಮೇಲೆ ‘ಕಬಿನಿ ಜಲಾಶಯ ಭರ್ತಿ’.

ಬುಲೆಟಿನ್ ಪ್ರೊಡ್ಯೂಸರ್ ಬಾಗಿಲಲ್ಲಿ ಇಣುಕುತ್ತಾರೆ. “ಆಸ್ಟನ್ ರೆಡಿನಾ?”

“ಐದು ನಿಮಿಷ ಸರ್.”

ಸ್ಪೇಸ್‌ಬಾರ್ ಒತ್ತುತ್ತೀರಿ. ಪಟ್ಟಿ ಎಡ ಅಂಚಿನಿಂದ ಬಲಕ್ಕೆ ಬಿಚ್ಚಿಕೊಳ್ಳಬೇಕು. ಆದರೆ ಅದು ಪರದೆಯ ಕೆಳಭಾಗದ ನಡುವೆ ಹುಟ್ಟಿ, ಎಡಕ್ಕೆ ಓಡುತ್ತಾ ಅಗಲವಾಗುತ್ತದೆ. ಸ್ಕೇಲ್ ಸಂಖ್ಯೆ ಸರಿಯಾಗೇ ಇದೆ, ಕೀಫ್ರೇಮ್ ಕೂಡ ಸರಿ. ಹಾಗಾದರೆ ಎಡವಟ್ಟು ಎಲ್ಲಿ?

ಲೇಯರ್ ಆರಿಸಿ ‘ಎ’ ಕೀ ಒತ್ತಿ. ಆಂಕರ್ ಪಾಯಿಂಟ್ ಕಾಣುತ್ತದೆ. ಸಣ್ಣ ವೃತ್ತದೊಳಗಿನ ಕೂಡು ಗುರುತು ಪಟ್ಟಿಯ ಹತ್ತಿರವೂ ಇಲ್ಲ, 960, 540ರಲ್ಲಿ, ಅಂದರೆ ಪರದೆಯ ಮಧ್ಯದಲ್ಲಿ ಕೂತಿದೆ. ಶೇಪ್ ಲೇಯರ್ ಎಳೆದಾಗ, ಪ್ರಿಫರೆನ್ಸಸ್‌ನಲ್ಲಿ ಬದಲಿಸಿರದಿದ್ದರೆ, ಅದು ಅಲ್ಲೇ ಬಂದು ಕೂರುತ್ತದೆ. ಲೇಯರ್ ಹಿಗ್ಗುವುದು, ಕುಗ್ಗುವುದು, ತಿರುಗುವುದು ಎಲ್ಲ ಆ ಬಿಂದುವಿನ ಸುತ್ತ. ಬಾಗಿಲಿಗೆ ತಿರುಗಣಿ ಇದ್ದ ಹಾಗೆ.

ಆಂಕರ್ ಪಾಯಿಂಟ್‌ನ ಸಂಖ್ಯೆಯನ್ನೇ ತಿದ್ದೋಣವೆಂದು ಟೈಮ್‌ಲೈನಿನಲ್ಲಿ ಎಳೆಯುತ್ತೀರಿ. ಬಿಂದು ಅಲ್ಲಾಡುವುದಿಲ್ಲ, ಪಟ್ಟಿಯೇ ಜಾರುತ್ತದೆ! ಅನ್‌ಡೂ. ಈಗ ‘ವೈ’ ಒತ್ತಿ, ಪ್ಯಾನ್ ಬಿಹೈಂಡ್ ಟೂಲ್ ಹಿಡಿದು, ಗುರುತನ್ನೇ ಪಟ್ಟಿಯ ಎಡ ಅಂಚಿಗೆ ಎಳೆದು ತನ್ನಿ. ಈ ಟೂಲ್ ಪೊಸಿಷನ್ ಸಂಖ್ಯೆಯನ್ನೂ ಜೊತೆಜೊತೆಗೇ ಬದಲಿಸುವುದರಿಂದ ಪಟ್ಟಿ ಇದ್ದಲ್ಲೇ ಇರುತ್ತದೆ. ಪೊಸಿಷನ್‌ಗೆ ಇನ್ನೂ ಕೀಫ್ರೇಮ್ ಹಾಕಿಲ್ಲ, ಪುಣ್ಯ. ಹಾಕಿದ್ದರೆ ಈ ಎಳೆತದಲ್ಲಿ ಚಲನೆಯ ದಾರಿಯೇ ಕೆಡುತ್ತಿತ್ತು.

‘ಎಸ್’ ಒತ್ತಿ ಸ್ಕೇಲ್ ನೋಡಿ. ಸಂಖ್ಯೆಗಳ ಪಕ್ಕದ ಸರಪಳಿ ಗುರುತು ಬಿಡಿಸಿದ್ದೀರಿ, ಆದ್ದರಿಂದ ಅಗಲ ಮಾತ್ರ ಬದಲಾಗುತ್ತದೆ, ಎತ್ತರವಲ್ಲ. ಸೊನ್ನೆಯ ಫ್ರೇಮಿನಲ್ಲಿ 0, 100. ಹದಿನೈದನೇ ಫ್ರೇಮಿನಲ್ಲಿ 100, 100. ಒಟ್ಟು 0.6 ಸೆಕೆಂಡ್. ಪ್ಲೇ ಮಾಡಿ. ಪಟ್ಟಿ ಎಡದಿಂದ ಸೀದಾ ಬಿಚ್ಚಿಕೊಳ್ಳುತ್ತದೆ, ಆದರೆ ಕೊನೆಯಲ್ಲಿ ಗಕ್ಕನೆ ನಿಲ್ಲುತ್ತದೆ.

ಎರಡನೇ ಕೀಫ್ರೇಮ್ ಆರಿಸಿ ಎಫ್9. ವಜ್ರದಾಕಾರದ ಗುರುತು ಮರಳುಗಡಿಯಾರದ ಆಕಾರಕ್ಕೆ ತಿರುಗುತ್ತದೆ. ಈಸಿ ಈಸ್ ಕೊಡುವ ಇನ್‌ಫ್ಲುಯೆನ್ಸ್ ಶೇಕಡಾ 33.33. ಸುದ್ದಿಯ ಪಟ್ಟಿಗೆ ಅದು ಸಪ್ಪೆ. ಗ್ರಾಫ್ ಎಡಿಟರ್ ತೆರೆದು, ಸ್ಪೀಡ್ ಗ್ರಾಫಿನಲ್ಲಿ ಹಳದಿ ಹಿಡಿಯನ್ನು ಎಡಕ್ಕೆ ಎಳೆದು 80ರ ಆಸುಪಾಸಿಗೆ ತನ್ನಿ. ಈಗ ಪಟ್ಟಿ ನುಗ್ಗಿ ಬಂದು, ಕೊನೆಯ ಕೆಲವು ಫ್ರೇಮುಗಳಲ್ಲಿ ಮೆತ್ತಗೆ ನೆಲೆಯಾಗುತ್ತದೆ. ಲೇಯರಿಗೂ ಕಾಂಪೊಸಿಷನ್‌ಗೂ ಮೋಷನ್ ಬ್ಲರ್ ಸ್ವಿಚ್ ಹಾಕಿ. ಓಡುವ ಅಂಚಿನ ಚುರುಕು ಕಣ್ಣಿಗೆ ಚುಚ್ಚುವುದು ನಿಲ್ಲುತ್ತದೆ.

ಉಳಿದದ್ದು ಅಕ್ಷರ. ಆಫ್ಟರ್ ಎಫೆಕ್ಟ್ಸ್‌ನ ಹಳೆಯ ಆವೃತ್ತಿಯಾದರೆ ಟೈಪ್ ಪ್ರಿಫರೆನ್ಸಸ್‌ನಲ್ಲಿ ಟೆಕ್ಸ್ಟ್ ಎಂಜಿನ್ ‘ಸೌತ್ ಏಷ್ಯನ್ ಆಂಡ್ ಮಿಡಲ್ ಈಸ್ಟರ್ನ್’ ಆಗಿರಬೇಕು. ಲ್ಯಾಟಿನ್ನಿನಲ್ಲೇ ಬಿಟ್ಟರೆ ‘ಭರ್ತಿ’ಯ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಅಕ್ಷರಗಳು ಒಂದೊಂದಾಗಿ ಮೂಡುವ ಚಂದಕ್ಕೆ ಕೈ ಹಾಕಬೇಡಿ. ಆನಿಮೇಟರಿನ ರೇಂಜ್ ಸೆಲೆಕ್ಟರ್‌ನಲ್ಲಿ ‘ವರ್ಡ್ಸ್’ ಆರಿಸಿ, ಪದ ಪದವಾಗಿ ಬರಲಿ.

ರೆಂಡರ್ ಮಾಡುವಾಗ ಔಟ್‌ಪುಟ್ ಮಾಡ್ಯೂಲ್‌ನಲ್ಲಿ ‘ಆರ್‌ಜಿಬಿ ಪ್ಲಸ್ ಆಲ್ಫಾ’. ಇಲ್ಲದಿದ್ದರೆ ಪಟ್ಟಿಯ ಹಿಂದೆ ಕಬಿನಿಯ ದೃಶ್ಯದ ಬದಲು ಬರೀ ಕಪ್ಪು ಪರದೆ.

ನೋಡುಗರಿಗೆ ಇದು ಅರೆ ಕ್ಷಣದ ಪಟ್ಟಿ, ಅದರ ಆಂಕರ್ ಪಾಯಿಂಟ್ ಯಾರಿಗೂ ಕಾಣುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಮಾತ್ರ ಒಂದು ಮಾತು: ಎಫೆಕ್ಟ್‌ಗಳ ಮೆನು ಆಮೇಲೆ ತೆರೆಯಿರಿ. ಮೊದಲ ಕೀಫ್ರೇಮ್ ಹಾಕುವ ಮುಂಚೆಯೇ ಆಂಕರ್ ಪಾಯಿಂಟ್ ಎಲ್ಲಿದೆ ಎಂದು ನೋಡಿಕೊಳ್ಳಿ.