ಎರೆಹೊಲದಿಂದ ಸೋನಮ್ ಠಾಣೆಗೆ

ಫೆಬ್ರುವರಿ 4 ಅಂದರೆ ಬೆಳಗಾವಿಯ ಮರಾಠಾ ಲಘು ಪದಾತಿ ದಳದವರಿಗೆ ಹಬ್ಬ. 1670ರಲ್ಲಿ ತಾನಾಜಿ ಮಾಲುಸರೆ ಕೊಂಡಾಣ ಕೋಟೆ ಗೆದ್ದ ನೆನಪಿಗೆ ರೆಜಿಮೆಂಟು ಆ ದಿನವನ್ನು ತನ್ನದಾಗಿ ಮಾಡಿಕೊಂಡಿದೆ. ಅದರ ಕೇಂದ್ರ 1922ರಿಂದ ನಮ್ಮೂರಲ್ಲೇ ಇರುವುದರಿಂದ ಹಬ್ಬದ ಗಾಳಿ ಕ್ಯಾಂಪ್ ದಾಟಿ ಕೋಟೆಯ ಕಂದಕದವರೆಗೂ ಬೀಸುತ್ತದೆ. 2016ರಲ್ಲಿ ಮಾತ್ರ ಹಾಗಾಗಲಿಲ್ಲ. ಹಿಂದಿನ ದಿನ ಸಿಯಾಚಿನ್‌ನಲ್ಲಿ ಹಿಮದ ಗೋಡೆಯೊಂದು ಕುಸಿದು ಹತ್ತು ಜನ ಸೈನಿಕರು ಅಡಿಯಲ್ಲಿ ಸಿಕ್ಕಿದ್ದಾರೆ, ಯಾರೂ ಉಳಿದಿರುವ ಆಸೆಯಿಲ್ಲ ಎಂಬ ಸುದ್ದಿ ಟೀವಿಯಲ್ಲಿ ಬರುತ್ತಿತ್ತು.

ಸೈನಿಕರು ಹೆಚ್ಚಿರುವ ಜಿಲ್ಲೆಯಲ್ಲಿ ಇಂಥ ಸುದ್ದಿ ಕೇಳಿದ ಕೂಡಲೇ ಯಾರೂ ‘ಅಯ್ಯೋ’ ಅನ್ನುವುದಿಲ್ಲ. ಮೊದಲು ಕೇಳುವುದು ‘ಯಾವ ಪಲ್ಟನ್?’ ಅಂತ. ಚಹಾದಂಗಡಿಯಲ್ಲಿ ಅವತ್ತು ಎಲ್ಲರೂ ಅದನ್ನೇ ಕೇಳುತ್ತಿದ್ದರು. 19ನೇ ಮದ್ರಾಸ್ ಅಂತ ಗೊತ್ತಾದಾಗ ಕೆಲವರ ಮುಖ ಸಡಿಲಾಯಿತು. ಅದು ಕಲ್ಲೆದೆ ಅಂತ ಹೊರಗಿನವರಿಗೆ ಅನ್ನಿಸಬಹುದು. ಮಗನನ್ನು ಗಡಿಗೆ ಕಳಿಸಿದವರ ಮನೆಯಲ್ಲಿ ಒಂದು ದಿನ ಇದ್ದು ನೋಡಿದರೆ ಹಾಗೆ ಅನ್ನಿಸುವುದಿಲ್ಲ.

ಆ ವಾರ ಖಾನಾಪುರದ ಕಡೆಗೆ ಹೋಗಿದ್ದೆ. ಅಲ್ಲಿ ನಮ್ಮ ಪರಿಚಯದ ಸುಬೇದಾರ ಮಾಮಾ ಇದ್ದಾರೆ. ಮರಾಠಾದಲ್ಲಿದ್ದು ನಿವೃತ್ತರಾದವರು, ಸಿಯಾಚಿನ್‌ನಲ್ಲಿ ಒಂದು ಪಾಳಿ ಮುಗಿಸಿ ಬಂದವರು. ಸಹ್ಯಾದ್ರಿಯ ಚಳಿಗೆ ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕೂತಿದ್ದರು. ನಾನು ಪೇಪರು ತೋರಿಸಿ, ಹಿಮ ಕುಸಿದ ಸೋನಮ್ ಠಾಣೆ 19,600 ಅಡಿ ಎತ್ತರದಲ್ಲಿದೆಯಂತೆ ಅಂದೆ. ಅವರು ಪೇಪರ್ ಮುಟ್ಟಲಿಲ್ಲ.

“ಮಾಸ್ತರ, ನೀವು ಮುಳ್ಳಯ್ಯನಗಿರಿ ನೋಡೀರಿಲ್ಲೋ? ನಮ್ಮ ರಾಜ್ಯದಾಗ ಅದಕ್ಕಿಂತ ದೊಡ್ಡ ಗುಡ್ಡ ಇಲ್ಲ. ಅಂಥಾವು ಮೂರು ಒಂದರ ಮ್ಯಾಲೊಂದು ಇಟ್ಟರೂ ಆ ಠಾಣೆ ಇನ್ನೂ ಮ್ಯಾಲೆ ಉಳೀತೈತಿ.”

ಆಮೇಲೆ ಲೆಕ್ಕ ಹಾಕಿದೆ, ಮಾತು ಸರಿ. ಮುಳ್ಳಯ್ಯನಗಿರಿ 1,930 ಮೀಟರು, ಅಂದರೆ 6,300 ಅಡಿಯ ಮೇಲೆ ಸ್ವಲ್ಪ. ಎವರೆಸ್ಟ್ ಹತ್ತುವವರು ಬಿಡಾರ ಹೂಡಿ ಫೋಟೊ ತೆಗೆಸಿಕೊಳ್ಳುವ ಬೇಸ್ ಕ್ಯಾಂಪ್ ಕೂಡ ಸೋನಮ್ ಠಾಣೆಗಿಂತ ಸುಮಾರು ಎರಡು ಸಾವಿರ ಅಡಿ ಕೆಳಗಿದೆ. ಬೇಸ್ ಕ್ಯಾಂಪಿಗೆ ಹೋಗಿ ಬಂದವರಿಗೆ ನಾವು ಶಾಲು ಹೊದಿಸುತ್ತೇವೆ.

ಮಾಮಾ ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ. ಮೇಲಿನ ಠಾಣೆಗೆ ಯಾರನ್ನೂ ನೇರ ಕಳಿಸುವುದಿಲ್ಲ. ಮೊದಲು ಕೆಳಗಿನ ಶಿಬಿರದಲ್ಲಿ ವಾರಗಟ್ಟಲೆ ತರಬೇತಿ. ಬೂಟಿಗೆ ಉಕ್ಕಿನ ಮುಳ್ಳು ಕಟ್ಟಿಕೊಂಡು ಹಿಮದ ಗೋಡೆ ಹತ್ತುವುದು, ಹಿಮಗೊಡಲಿ ಊರಿ ಜಾರುವಿಕೆ ತಡೆಯುವುದು, ಬಿರುಕಿಗೆ ಅಡ್ಡ ಹಾಕಿದ ಅಲ್ಯುಮಿನಿಯಂ ಏಣಿಯ ಮೇಲೆ ಹೊರೆ ಹೊತ್ತು ನಡೆಯುವುದು. ಪರ್ವತಾರೋಹಣ ಶಾಲೆಯಲ್ಲಿ ಹಣ ಕಟ್ಟಿ ಕಲಿಯುವ ವಿದ್ಯೆಯೇ. ಠಾಣೆಗೆ ಹೊರಟಾಗ ಎಲ್ಲರ ಸೊಂಟಕ್ಕೂ ಒಂದೇ ಹಗ್ಗ. ಒಬ್ಬ ಬಿರುಕಿನಲ್ಲಿ ಬಿದ್ದರೆ ಉಳಿದವರು ಅಲ್ಲೇ ಮಲಗಿ ಕೊಡಲಿ ಊರಿ ಹಿಡಿಯಬೇಕು. ಬಿಸಿಲೇರಿದರೆ ಹಿಮ ಮೆತ್ತಗಾಗುತ್ತದೆ, ಅದಕ್ಕೇ ನಡಿಗೆಯೆಲ್ಲ ರಾತ್ರಿ ಇಲ್ಲವೇ ನಸುಕಿನಲ್ಲಿ.

“ನಿನ್ನಿ ಇದ್ದ ದಾರಿ ಇವತ್ತ ಬಾಯಿ ತಕ್ಕೊಂಡು ಕುಂತಿರತೈತಿ. ಕೈಗವಸು ತಗದು ಬಂದೂಕಿನ ಕಬ್ಬಿಣ ಮುಟ್ಟಿದರ ತೊಗಲು ಅಲ್ಲೇ ಅಂಟಕೊಂಡು ಉಳೀತೈತಿ. ರಾತ್ರಿ ಗುಡಾರದಾಗ ಸೀಮೆಎಣ್ಣಿ ಒಲಿ ಉರೀತಿರತೈತಿ, ಮುಂಜಾನೆದ್ದು ಉಗುಳಿದರ ಕರ್ರಗ ಬರತೈತಿ.” ಇಷ್ಟು ಹೇಳಿ ಒಂದು ಕೊಳ್ಳಿ ಸರಿಸಿ ಮುಂದಕ್ಕೆ ಹಾಕಿದರು. “ಹಸಿವು ಅನ್ನೂದ ಆಗೂದಿಲ್ಲ. ಅದ ದೊಡ್ಡ ಹೆದರಿಕಿ.”

ಸಿಯಾಚಿನ್ ಹಿಮನದಿಗೂ ಪರ್ವತಾರೋಹಿಗಳಿಗೂ ಹಳೆಯ ನಂಟಿದೆ. ಪಾಕಿಸ್ತಾನದ ಪರವಾನಗಿ ಪಡೆದು ವಿದೇಶಿ ಆರೋಹಿಗಳು ಅಲ್ಲಿಗೆ ಬರುತ್ತಿದ್ದಾರೆ ಎಂಬುದನ್ನು ಗುರುತಿಸಿದವರು ಕರ್ನಲ್ ನರೇಂದ್ರ ಕುಮಾರ್. 1961ರಲ್ಲಿ ನೀಲಕಂಠ ಶಿಖರದಲ್ಲಿ ಹಿಮ ಕಚ್ಚಿ ಕಾಲ್ಬೆರಳು ಕಳೆದುಕೊಂಡಿದ್ದ ಈ ಮನುಷ್ಯ, ಭಾರತದ ತಂಡವೊಂದು ಮೊದಲ ಬಾರಿಗೆ ಎವರೆಸ್ಟ್ ಹತ್ತಿದ 1965ರ ಆರೋಹಣದ ಉಪನಾಯಕ. 1978ರಲ್ಲಿ ಸಿಯಾಚಿನ್‌ಗೆ ತಂಡ ಕಟ್ಟಿಕೊಂಡು ಹೋದರು. 1984ರ ಏಪ್ರಿಲ್ 13ರಂದು ಸೈನ್ಯ ಅಲ್ಲಿಗೆ ಹತ್ತಿದ್ದು ಅವರು ತಂದ ಮಾಹಿತಿಯ ಬಲದ ಮೇಲೆ. ಅಲ್ಲಿಂದ ಇಲ್ಲಿಯವರೆಗೆ ಸೈನ್ಯ ಇಳಿದಿಲ್ಲ.

ಫೆಬ್ರುವರಿ 9ರ ಬೆಳಿಗ್ಗೆ ಸುದ್ದಿ ತಿರುಗಿತು. ಹತ್ತು ಜನರಲ್ಲಿ ಒಬ್ಬ ಬದುಕಿದ್ದಾನೆ, ಅವನು ನಮ್ಮ ಪಕ್ಕದ ಧಾರವಾಡ ಜಿಲ್ಲೆಯವನು, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ನೂರೈವತ್ತಕ್ಕೂ ಹೆಚ್ಚು ಸೈನಿಕರು, ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳು ಹಗಲಿರುಳು ಹುಡುಕಿದ್ದರು. ಕಾಂಕ್ರೀಟಿನಂತೆ ಗಟ್ಟಿಯಾದ ಹಿಮವನ್ನು ಬಂಡೆ ಕೊರೆಯುವ ಯಂತ್ರಗಳಿಂದ ಕತ್ತರಿಸಿ, ಸುಮಾರು 25 ಅಡಿ ಕೆಳಗೆ, ಹರಿದ ಗುಡಾರದಲ್ಲಿ ಅವನನ್ನು 8ರಂದು ಕಂಡರು. ಆರನೆಯ ದಿನ. ಹೊರಗೆ ಮೈನಸ್ 45 ಡಿಗ್ರಿ.

ಕುಂದಗೋಳ ಅಂದರೆ ಅಲ್ಲಿಯವರೆಗೆ ನಮಗೆ ಸವಾಯಿ ಗಂಧರ್ವರ ಊರು, ಮೆಣಸಿನಕಾಯಿ, ಹತ್ತಿ, ಎರೆಮಣ್ಣು. ಕಣ್ಣು ಹಾಯಿಸಿದಷ್ಟೂ ಬಯಲು. ಆ ಬಯಲಿನ ಹುಡುಗ 2002ರ ಅಕ್ಟೋಬರಿನಲ್ಲಿ ಸೈನ್ಯ ಸೇರಿದ. ಹದಿಮೂರು ವರ್ಷದ ನೌಕರಿಯಲ್ಲಿ ಹತ್ತು ವರ್ಷ ಕಷ್ಟದ ಜಾಗಗಳಲ್ಲೇ ಕಳೆದ. ಜಮ್ಮು-ಕಾಶ್ಮೀರದ ಮಾಹೋರ್, ಮತ್ತೆ ಜಮ್ಮು-ಕಾಶ್ಮೀರದಲ್ಲೇ ರಾಷ್ಟ್ರೀಯ ರೈಫಲ್ಸ್, ಆಮೇಲೆ ಈಶಾನ್ಯದಲ್ಲಿ ಬಂಡುಕೋರರ ವಿರುದ್ಧ ಕಾರ್ಯಾಚರಣೆ. 2015ರ ಆಗಸ್ಟಿನಲ್ಲಿ ಸಿಯಾಚಿನ್, ಡಿಸೆಂಬರಿನಲ್ಲಿ ಮೇಲಿನ ಠಾಣೆ. ಪೇಪರುಗಳು ಆರು ದಿನದ ಬಗ್ಗೆ ಪುಟಗಟ್ಟಲೆ ಬರೆದವು, ಹದಿಮೂರು ವರ್ಷದ ಬಗ್ಗೆ ಒಂದು ಪ್ಯಾರಾ.

ಫೋನಿನಲ್ಲಿ ಮಾಮಾಗೆ ‘ಪವಾಡ ಆತು ನೋಡ್ರಿ’ ಅಂದೆ. ಅವರಿಗೆ ಆ ಮಾತು ಹಿಡಿಸಲಿಲ್ಲ. “ಪವಾಡ ಅನ್ನಬ್ಯಾಡ್ರಿ ಮಾಸ್ತರ. ಅಗದವರ ಕೈ ನೋಡ್ರಿ. ಆ ಎತ್ತರದಾಗ ಹತ್ತು ಹೆಜ್ಜಿ ನಡದರ ಎದಿ ಬಡಕೋತೈತಿ, ಅವರು ಐದು ದಿನ ಅಗದಾರ.” ಸ್ವಲ್ಪ ತಡೆದು, “ಖರೇ ಕಷ್ಟ ಇನ್ನ ಮುಂದ” ಅಂದರು.

ಅವರು ಹೇಳಿದ್ದೇ ವೈದ್ಯರ ಪ್ರಕಟಣೆಯಲ್ಲೂ ಇತ್ತು. ಹೆಪ್ಪುಗಟ್ಟಿದಂತಿದ್ದ ದೇಹಕ್ಕೆ ಬಿಸಿ ಮರಳಿ, ತಣ್ಣಗಾದ ಭಾಗಗಳಿಗೆ ರಕ್ತ ಮತ್ತೆ ಹರಿಯುವ ಹೊತ್ತೇ ಅತ್ಯಂತ ಅಪಾಯದ್ದು. ದಿಲ್ಲಿಯ ಸೇನಾ ಆಸ್ಪತ್ರೆಗೆ ತಂದಾಗ ಅವನಿಗೆ ಪ್ರಜ್ಞೆ ಇರಲಿಲ್ಲ. ನ್ಯುಮೋನಿಯಾ ಆಗಿತ್ತು, ಯಕೃತ್ತು ಮತ್ತು ಮೂತ್ರಪಿಂಡ ಕೆಲಸ ನಿಲ್ಲಿಸುತ್ತಿದ್ದವು. ಉತ್ತರ ಪ್ರದೇಶದ ಹೆಣ್ಣುಮಗಳೊಬ್ಬಳು ತನ್ನ ಮೂತ್ರಪಿಂಡ ಕೊಡುತ್ತೇನೆ ಎಂದು ಮುಂದೆ ಬಂದಳು. ನಮ್ಮ ಕಡೆ ಗುಡಿ, ಮಠ, ದರ್ಗಾ, ಚರ್ಚು ಅನ್ನದೆ ಪ್ರಾರ್ಥನೆ ನಡೆಯಿತು. 11ರಂದು ಮಧ್ಯಾಹ್ನಕ್ಕೆ ಮೊದಲೇ ಉಸಿರು ನಿಂತಿತು. ವಯಸ್ಸು 33.

ಮರುದಿನ ಹುಬ್ಬಳ್ಳಿಯಲ್ಲಿ ಸಾರ್ವಜನಿಕ ದರ್ಶನ. ನಾನೂ ಹೋಗಿದ್ದೆ. ಸಾಲಿನಲ್ಲಿ ನನ್ನ ಮುಂದಿದ್ದ ರೈತ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ‘ಯಾಕ ಯಜಮಾನ್ರ, ಇನ್ನೂ ದೂರ ಐತೆಲ್ಲ’ ಅಂದದ್ದಕ್ಕೆ, ‘ಇರಲಿ ಬಿಡ್ರಿ, ಕಾಲಿಗೇನಾಗತೈತಿ’ ಅಂದ. ಅಷ್ಟೇ ಮಾತು. ಅದೇ ದಿನ ಬೆಟದೂರಿನಲ್ಲಿ ಲಿಂಗಾಯತ ಪದ್ಧತಿಯಂತೆ ಮಣ್ಣು ಮಾಡಿದರು.

ಹನುಮಂತಪ್ಪನನ್ನು ಹುತಾತ್ಮ ಅನ್ನುತ್ತೇವೆ, ವೀರಯೋಧ ಅನ್ನುತ್ತೇವೆ. ಪರ್ವತಾರೋಹಿ ಅಂತ ಯಾರೂ ಅಂದದ್ದನ್ನು ಕೇಳಿಲ್ಲ. ಬಾವುಟ ಊರಿ ಇಳಿದು ಬರುವವರಿಗೆ ಆ ಬಿರುದು ಸಲ್ಲುತ್ತದೆ. ಹತ್ತಿದ ಮೇಲೆ ತಿಂಗಳುಗಟ್ಟಲೆ ಅಲ್ಲೇ ಕಾವಲು ಕಾಯುವವರಿಗೆ ಇಲ್ಲ. ನನ್ನ ಮಟ್ಟಿಗೆ ಇದು ತಪ್ಪು ಲೆಕ್ಕ. ಕೌಶಲ ಒಂದೇ, ಅಪಾಯ ಒಂದೇ. ಹವಾಮಾನ ಕೆಟ್ಟರೆ ಹಿಂದಿರುಗುವ ಸ್ವಾತಂತ್ರ್ಯ ಇವರಿಗಿಲ್ಲ, ಅದೊಂದೇ ವ್ಯತ್ಯಾಸ.

2017ರ ಜನವರಿಯ ಸೇನಾ ದಿನದಂದು ಹನುಮಂತಪ್ಪನಿಗೆ ಮರಣೋತ್ತರ ಸೇನಾ ಪದಕ ಬಂತು, ಹೆಂಡತಿ ಸ್ವೀಕರಿಸಿದರು. ಅದೇ ಗುಡಾರಗಳಲ್ಲಿ ನಮ್ಮ ರಾಜ್ಯದ ಇನ್ನಿಬ್ಬರಿದ್ದರು: ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ, ಮೈಸೂರು ಜಿಲ್ಲೆ ಎಚ್.ಡಿ. ಕೋಟೆಯ ಸಿಪಾಯಿ ಪಿ.ಎನ್. ಮಹೇಶ. ಹನುಮಂತಪ್ಪನ ಕತೆ ಮಕ್ಕಳಿಗೆ ಹೇಳುವಾಗ ಈ ಎರಡು ಹೆಸರನ್ನೂ ಸೇರಿಸಿ ಹೇಳಿ.