ಎಡಗಾಲಿನ ಪಾಡು

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಮುಂದಿದ್ದ ಲಾರಿಯನ್ನು ಹಿಂದೆ ಹಾಕೋಣವೆಂದು ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರಿತು, ಗಾಡಿ ಮಾತ್ರ ಮುಂದಕ್ಕೆ ಹೋಗಲೊಲ್ಲದು. ಎದುರಿಗೆ ಬಸ್ಸು. ಮತ್ತೆ ಲಾರಿಯ ಹಿಂದಕ್ಕೇ ಸೇರಿಕೊಂಡೆ. ಸುಟ್ಟ ವಾಸನೆ ಒಳಗೆಲ್ಲ ತುಂಬಿತು. "ಲಾರಿದೇ ಇರ್ಬೇಕು" ಎಂದಳು ಹೆಂಡತಿ. ಅದು ನಮ್ಮದೇ ಕ್ಲಚ್ಚಿನದು ಎಂದು ನನಗೆ ಗೊತ್ತಾಗಿತ್ತು.

ನನ್ನದು ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಕಂಪನಿಯಿಂದ ಬಂದಾಗ 150 ಪಿಎಸ್ ಶಕ್ತಿ, 210 ನ್ಯೂಟನ್ ಮೀಟರ್ ಟಾರ್ಕ್. ಇಸಿಯು ರೀಮ್ಯಾಪ್, ದೊಡ್ಡ ಇಂಟರ್‌ಕೂಲರ್, ಅಗಲದ ಎಕ್ಸಾಸ್ಟ್ ಎಲ್ಲ ಆದ ಮೇಲೆ ಟಾರ್ಕ್ 300ರ ಹತ್ತಿರ ಬಂದಿತ್ತು. ಪ್ರೆಷರ್ ಪ್ಲೇಟ್ ಎಷ್ಟು ಬಲವಾಗಿ ಅದುಮುತ್ತದೆ, ಡಿಸ್ಕಿನ ಲೈನಿಂಗ್ ಎಷ್ಟು ಕಚ್ಚಿಕೊಳ್ಳುತ್ತದೆ, ಡಿಸ್ಕ್ ಎಷ್ಟು ದೊಡ್ಡದು ಎನ್ನುವುದರ ಮೇಲೆ ಕ್ಲಚ್ಚಿನ ಹಿಡಿತ ನಿಂತಿದೆ. ಕಂಪನಿ ಕೊಟ್ಟ ಕ್ಲಚ್ಚಿನ ಲೆಕ್ಕ ಹಳೆಯ ಟಾರ್ಕಿನದು.

ಬೆಂಗಳೂರಿನ ಗ್ಯಾರೇಜಿನಲ್ಲಿ ನಾನು ಕೇಳಿದ್ದು ಗಟ್ಟಿ ಪ್ರೆಷರ್ ಪ್ಲೇಟ್, ಸ್ಪ್ರಿಂಗ್ ಇರುವ ಆರ್ಗ್ಯಾನಿಕ್ ಡಿಸ್ಕ್. "ಅದು ಬರೋದು ಲೇಟು ಸಾರ್. ಸ್ಟೇಜ್ ತ್ರೀ ರೆಡಿ ಇದೆ, ಇನ್ನು ಈ ಕಡೆ ತಲೆ ಹಾಕೋದೇ ಬೇಡ" ಎಂದು ಹೇಳಿ ಅವರು ಕೂರಿಸಿದ್ದು ಆರು ಪಕ್ಕಿನ, ಅಂದರೆ ಆರು ಬಿಡಿ ಬಿಲ್ಲೆಗಳ, ಸೆರಾಮಿಕ್ ಡಿಸ್ಕ್, ಸ್ಪ್ರಿಂಗ್ ಇಲ್ಲದ್ದು. ಜೊತೆಗೆ ಹಗುರ ಫ್ಲೈವೀಲ್.

ಹಿಡಿತಕ್ಕೇನೂ ಕೊರತೆಯಿರಲಿಲ್ಲ. ಹಾಫ್ ಕ್ಲಚ್ ಎಂಬುದೇ ಇಲ್ಲವಾಯಿತು. ಪೆಡಲ್ ಲೈಟಿನ ಸ್ವಿಚ್ಚಿನಂತೆ, ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ಸಂಜೆ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಗೆ ತೆವಳುವ ಸಾಲಿನಲ್ಲಿ ಒಂದೊಂದು ಮಾರು ಮುಂದೆ ಹೋಗಲೂ ಗಾಡಿ ಜಿಗಿದು ಆಫ್ ಆಗುತ್ತಿತ್ತು. ಹಿಂದಿನಿಂದ ಹಾರ್ನ್, ಪಕ್ಕದಿಂದ ಆಟೊದವರ ಉಪದೇಶ. ನಿಂತಾಗ ಗೇರ್‌ಬಾಕ್ಸಿನೊಳಗೆ ಕಲ್ಲು ಅಲುಗಿಸಿದ ಸದ್ದು. ಎಂಜಿನ್ನಿನ ಕುಲುಕಾಟ ನುಂಗಿಕೊಳ್ಳಲು ಸ್ಪ್ರಿಂಗೇ ಇರಲಿಲ್ಲವಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಏರಿನಲ್ಲಂತೂ ವಾಚ್‌ಮನ್ ನನ್ನ ಗಾಡಿ ಕಂಡರೆ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಮಂಡಿ ಊದಿತು. ಮೂಳೆ ಡಾಕ್ಟರು ಎಡಗಾಲನ್ನೇ ಒತ್ತಿ ನೋಡಿ "ಜಿಮ್ಮಿಗೆ ಹೋಗ್ತೀರಾ?" ಎಂದರು. ಹೆಂಡತಿ ಓಲಾದಲ್ಲಿ ಓಡಾಡತೊಡಗಿದಳು.

ಗ್ಯಾರೇಜಿನವರದ್ದು ಒಂದೇ ಪಲ್ಲವಿ: "ಅಭ್ಯಾಸ ಆಗತ್ತೆ ಸಾರ್." ಆಗಲಿಲ್ಲ.

ಕೊನೆಗೆ ಬೇರೆ ಮೆಕ್ಯಾನಿಕ್ ಹತ್ತಿರ ಮತ್ತೆ ಗೇರ್‌ಬಾಕ್ಸ್ ಇಳಿಸಿದ್ದಾಯಿತು. ಪಕ್ಕುಗಳು ಫ್ಲೈವೀಲನ್ನು ಗೀರಿಹಾಕಿದ್ದವು, ಅದೂ ದಂಡ. ಈ ಸಲ ನಾನು ಮೊದಲು ಕೇಳಿದ್ದೇ ಬಂತು, 380 ನ್ಯೂಟನ್ ಮೀಟರ್ ತಡೆಯುವಂಥದ್ದು. ಮೊದಲ 800 ಕಿಲೋಮೀಟರ್ ಟರ್ಬೊಗೆ ಕೆಲಸ ಕೊಡದೆ ಊರೊಳಗೇ ಓಡಿಸಿ ಲೈನಿಂಗ್ ಕೂರಿಸಿದೆ. ಪೆಡಲ್ ಮೊದಲಿಗಿಂತ ತುಸು ಬಿಗಿ, ಅಷ್ಟೇ. ಜಾರುವುದಿಲ್ಲ, ಜಿಗಿಯುವುದಿಲ್ಲ.

ಸೆರಾಮಿಕ್ ಪಕ್ ಕೆಟ್ಟದ್ದಲ್ಲ. ಅದರ ಜಾಗ ಡ್ರ್ಯಾಗ್ ರೇಸಿನ ಪಟ್ಟಿ. ಸ್ಟೇಜ್ ಒನ್, ಟೂ, ತ್ರೀ ಎಂಬುದು ಆಯಾ ಕಂಪನಿ ತಾನೇ ಇಟ್ಟುಕೊಂಡ ಹೆಸರು, ಎಲ್ಲರಿಗೂ ಒಂದೇ ಅಳತೆಯಲ್ಲ. ಅದನ್ನು ನಂಬಬೇಡಿ, ಎಷ್ಟು ನ್ಯೂಟನ್ ಮೀಟರ್ ತಡೆಯುತ್ತದೆ ಎಂದು ಕೇಳಿ. ದುಡ್ಡು ಕೊಡುವ ಮುನ್ನ ಅದೇ ಕ್ಲಚ್ ಇರುವ ಗಾಡಿಯನ್ನು ಸಂಜೆ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಓಡಿಸಿ ನೋಡಿ.