ಎರಡನೆಯ ಪ್ರತಿ

ಬರೆಯುವುದು ಒಂದು ಕಾರ್ಯ; ಬರೆದುದನ್ನು ಉಳಿಸಿಕೊಳ್ಳುವುದು ಮತ್ತೊಂದು ಕಾರ್ಯ. ಮೊದಲನೆಯದಕ್ಕೆ ಪ್ರತಿಭೆ ಪರಿಶ್ರಮಗಳು ಬೇಕು. ಎರಡನೆಯದಕ್ಕೆ ನಿಯಮನಿಷ್ಠೆಯೊಂದಿದ್ದರೆ ಸಾಕು. ಆದರೂ ಲೋಕವು ಮೊದಲನೆಯದನ್ನು ಮಾತ್ರ ಕೊಂಡಾಡುತ್ತದೆ. ಎರಡನೆಯದರ ಬೆಲೆ ತಿಳಿಯುವುದು ಕಳೆದುಕೊಂಡ ಮೇಲೆ.

ನಮ್ಮ ಪೂರ್ವಿಕರು ಇದನ್ನು ಚೆನ್ನಾಗಿ ಅರಿತಿದ್ದರು. ಓಲೆಗರಿಗೆ ಹುಳು, ತೇವ, ಬೆಂಕಿ ಈ ಮೂರೂ ಶತ್ರುಗಳು. ಆದಕಾರಣ ಒಂದು ಕಟ್ಟು ಜೀರ್ಣವಾಗುವ ಮುನ್ನವೇ ಲಿಪಿಕಾರರು ಇನ್ನೊಂದು ಕಟ್ಟಿಗೆ ಪ್ರತಿಮಾಡುತ್ತಿದ್ದರು. ಒಂದು ಮಠದ ಕಟ್ಟು ಗೆದ್ದಲಿಗೆ ಈಡಾದರೂ, ಮತ್ತೊಂದು ಊರಿನ ಮನೆಯಲ್ಲಿ ಅದರ ಪ್ರತಿ ಉಳಿದಿರುತ್ತಿತ್ತು. ಪೂಜ್ಯ ಫ. ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ಓಲೆಗಳನ್ನು ಕೂಡಿಸಿದುದು ಇಂತಹ ಮನೆ ಮಠಗಳಿಂದಲೇ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಹೊರಬಂದಿತು. 1925ರಲ್ಲಿ ಅವರು ಅಂದಿನ ಬಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು; ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಣ್ಣನವರು ಹುಟ್ಟಿದ ನಾಡಿನವರಾದ ನಾವು ಇಂದು ವಚನಗಳನ್ನು ಓದುತ್ತಿರುವುದು ಓಲೆ ಗಟ್ಟಿಯಾಗಿದ್ದುದರಿಂದಲ್ಲ, ಪ್ರತಿಗಳು ಹಲವಾಗಿದ್ದುದರಿಂದ.

ಇಂದು ನಮ್ಮ ಬರಹವು ಓಲೆಯನ್ನೂ ಕಾಗದವನ್ನೂ ದಾಟಿ ಗಣಕಯಂತ್ರವನ್ನು ಸೇರಿದೆ. 1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ 24 ಅಂಗುಲ ಅಡ್ಡಳತೆಯ 50 ತಟ್ಟೆಗಳಿದ್ದವು. ಅಷ್ಟೆಲ್ಲ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಚಿಹ್ನೆಗಳನ್ನು. ಇಂದು ಅಂಗೈಯಗಲದ ಡಿಸ್ಕ್‌ನಲ್ಲಿ ಒಂದು ಗ್ರಂಥಾಲಯವೇ ಅಡಗುತ್ತದೆ. ಆದರೆ ಅಡಗುವುದು ಹೆಚ್ಚಿದಷ್ಟೂ ಅಳಿಯುವುದೂ ಹೆಚ್ಚುತ್ತದೆ. ಓಲೆಯು ಗರಿಗರಿಯಾಗಿ ನಶಿಸುತ್ತದೆ. ಡಿಸ್ಕ್ ಒಂದೇ ಗಳಿಗೆಯಲ್ಲಿ ಸಮಗ್ರವಾಗಿ ಮೌನ ತಾಳುತ್ತದೆ.

ಈ ಮಾತಿಗೆ ನನ್ನ ಮನೆಯೇ ಸಾಕ್ಷಿ. ನಮ್ಮ ಬಾಗೇವಾಡಿ ಸೀಮೆಯ ಒಕ್ಕಲುತನದ ಮಾತುಗಳನ್ನು ಹಲವು ವರ್ಷಗಳಿಂದ ಕೂಡಿಸುತ್ತ ಬಂದಿದ್ದೇನೆ. ಕಣ, ಮೇಟಿ, ಹಂತಿ, ಕೂರಿಗೆ, ಕುಂಟೆ, ಹಗೇವು ಮೊದಲಾದ ಒಂದೊಂದು ಮಾತಿನ ಸುತ್ತಲೂ ಹತ್ತಾರು ಮಾತುಗಳುಂಟು. ರಾಶಿಯ ಯಂತ್ರ ಬಂದ ಮೇಲೆ ಹಂತಿ ನಿಂತಿತು. ಹಂತಿಯೊಡನೆ ಅದರ ಹಾಡೂ ಮಾತೂ ಹಿಂದೆ ಸರಿದವು. ಇವನ್ನು ನನಗೆ ಹೇಳಿಕೊಟ್ಟ ಹಿರಿಯರಲ್ಲಿ ಹೆಚ್ಚಿನವರು ಲಿಂಗೈಕ್ಯರಾಗಿದ್ದಾರೆ. ಒಂದು ಬೇಸಗೆಯ ಮಧ್ಯಾಹ್ನ ಗಣಕಯಂತ್ರದ ಡಿಸ್ಕ್ ಟಕಟಕನೆ ಸದ್ದುಮಾಡಿ ನಿಂತಿತು. ದುರಸ್ತಿ ಮಾಡುವವರು ಅದನ್ನು ಪರೀಕ್ಷಿಸಿ, “ಗುರುಗಳ, ಇದರಾಗ ಇನ್ನೇನೂ ಸಿಗೂದಿಲ್ಲರಿ” ಎಂದರು. ಪ್ರತಿ ಸೋಮವಾರ ಎರಡನೆಯ ಡಿಸ್ಕ್‌ಗೆ ಪ್ರತಿಮಾಡಿಡುವ ನಿಯಮವಿದ್ದುದರಿಂದ ಐದು ದಿನಗಳ ಬರಹ ಮಾತ್ರ ಹೋಯಿತು. ಅದೂ ಟಿಪ್ಪಣಿ ಪುಸ್ತಕದಿಂದ ಮರಳಿ ದೊರೆಯಿತು. ಆ ನಿಯಮವಿಲ್ಲದಿದ್ದರೆ ಮತ್ತೆ ಯಾರನ್ನು ಕೇಳಲು ಹೋಗುತ್ತಿದ್ದೆ? ಯಂತ್ರವನ್ನು ಕೊಳ್ಳಬಹುದು, ಹೇಳಿದವರನ್ನು ಕರೆತರುವುದಾಗದು.

ಎರಡನೆಯ ಡಿಸ್ಕ್ ಇದ್ದಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದು ತಿಳಿಯಲಾಗದು. ಕೆಲವರು ಎರಡು ಡಿಸ್ಕ್‌ಗಳನ್ನು ಒಂದೇ ಯಂತ್ರದೊಳಗೆ ಕೂಡಿಸಿ, ಒಂದರಲ್ಲಿ ಬರೆದುದು ತತ್‌ಕ್ಷಣವೇ ಇನ್ನೊಂದರಲ್ಲಿಯೂ ಮೂಡುವಂತೆ ಮಾಡುತ್ತಾರೆ. ಇದು ಪ್ರತಿಯಲ್ಲ, ಪ್ರತಿಬಿಂಬ. ಮುಖದ ಮಸಿ ಕನ್ನಡಿಯಲ್ಲಿಯೂ ಕಾಣುವಂತೆ, ಒಂದರಲ್ಲಿ ಅಳಿಸಿದುದು ಮತ್ತೊಂದರಲ್ಲಿಯೂ ಅಳಿಯುತ್ತದೆ. ಒಂದಕ್ಕೆ ತಗುಲಿದ ವೈರಸ್ ಇನ್ನೊಂದನ್ನೂ ಕೆಡಿಸುತ್ತದೆ. ಗ್ರಂಥಸಂಪಾದಕನಿಗೆ ಬೇರೆ ಬೇರೆ ಕಾಲದ ಪ್ರತಿಗಳಿದ್ದರೆ ಮಾತ್ರ ಶುದ್ಧಪಾಠವನ್ನು ನಿರ್ಣಯಿಸಲು ಸಾಧ್ಯ. ಅಂತೆಯೇ ಹೊಸ ಪ್ರತಿಯನ್ನು ಹಳೆಯದರ ಮೇಲೆಯೇ ಹೇರದೆ, ದಿನಾಂಕವನ್ನು ನಮೂದಿಸಿ ಹಿಂದಿನ ಒಂದೆರಡು ಪ್ರತಿಗಳನ್ನೂ ಇರಿಸಿಕೊಳ್ಳತಕ್ಕದ್ದು. ಕೆಲಸ ಮುಗಿದ ಕೂಡಲೇ ಎರಡನೆಯ ಡಿಸ್ಕ್‌ನ ತಂತಿಯನ್ನು ಬಿಡಿಸಿ ಬೇರೆಯಾಗಿ ಇಡತಕ್ಕದ್ದು.

ಇಡುವ ಸ್ಥಳವೂ ವಿಚಾರಣೀಯವಾದುದು. ಒಂದೇ ಕಪಾಟಿನಲ್ಲಿರುವ ಎರಡು ಪ್ರತಿಗಳನ್ನು ಒಂದೇ ಬೆಂಕಿ ಸುಡುತ್ತದೆ, ಒಬ್ಬನೇ ಕಳ್ಳ ಒಯ್ಯುತ್ತಾನೆ. ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಸ್ಥಳದಲ್ಲಿರಲಿ ಎಂಬುದು ಬಲ್ಲವರ ಸೂತ್ರ. ನಮ್ಮ ರೈತರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಉಣ್ಣುವ ಜೋಳ ಹಗೇವಿನಲ್ಲಿರುತ್ತಿತ್ತು. ಬಿತ್ತುವ ಜೋಳ ಬೇರೆಯಾಗಿ, ಮನೆಯೊಳಗೆ, ಜೋಪಾನವಾಗಿರುತ್ತಿತ್ತು. ನನ್ನ ಬರಹದ ಒಂದು ಪ್ರತಿಯೂ ಬಂಧುಗಳೊಬ್ಬರ ಮನೆಯಲ್ಲಿ, ಬೇರೊಂದು ಊರಿನಲ್ಲಿದೆ.

ಕೊನೆಯದಾಗಿ, ಓದಲಾಗದ ಪ್ರತಿ ಪ್ರತಿಯೇ ಅಲ್ಲ. ಆಗಾಗ ಎರಡನೆಯ ಡಿಸ್ಕ್‌ನಿಂದ ಒಂದು ಕಡತವನ್ನು ತೆರೆದು ಓದಿ ನೋಡಬೇಕು. ಕನ್ನಡಿಗರಿಗಂತೂ ಈ ಎಚ್ಚರಿಕೆ ಇಮ್ಮಡಿಯಾಗಿರಬೇಕು. ಹಳೆಯ ನುಡಿ, ಬರಹ ತಂತ್ರಾಂಶಗಳ ಫಾಂಟುಗಳಲ್ಲಿ ಬರೆದಿಟ್ಟ ಕಡತಗಳು, ಆ ಫಾಂಟುಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಯುನಿಕೋಡ್‌ನಲ್ಲಿ ಕನ್ನಡ ಲಿಪಿಗೆ 1991ರಿಂದಲೇ ಸ್ಥಾನವುಂಟು. ಹಳೆಯ ಬರಹವನ್ನು ಅದಕ್ಕೆ ಪರಿವರ್ತಿಸಿ ಇಡುವುದು, ಶಿಥಿಲವಾದ ಗರಿಯಿಂದ ಹೊಸ ಗರಿಗೆ ಪ್ರತಿಮಾಡಿದಷ್ಟೇ ಪುಣ್ಯದ ಕೆಲಸ.

ಈ ಶಾಲೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಅಜ್ಜಿಯ ಹಾಡು, ಅಜ್ಜನ ಮಾತು, ಹಳೆಯ ಭಾವಚಿತ್ರಗಳು ಒಂದೇ ಯಂತ್ರದಲ್ಲಿಯೋ ಒಂದೇ ಮೊಬೈಲಿನಲ್ಲಿಯೋ ಇರಬಹುದು. ಅವರು ವಾರಕ್ಕೊಂದು ಗಳಿಗೆಯನ್ನು ಅವುಗಳ ಪ್ರತಿಮಾಡಲು ಮೀಸಲಿಡಲಿ. ಅಂದು ಓಲೆಗೆ ಪ್ರತಿಮಾಡಿದವರಲ್ಲಿ ಎಷ್ಟೋ ಜನರ ಹೆಸರು ಸಹ ನಮಗೆ ತಿಳಿಯದು. ಅವರು ಕಾಯ್ದುಕೊಟ್ಟ ಮಾತು ಮಾತ್ರ ನಮ್ಮ ನಾಲಗೆಯ ಮೇಲಿದೆ.